ಮನೆ ಮಾರುವವರು ಪತ್ರದ ಕೆಲಸವನ್ನು ಯಾರಿಗೆ ಒಪ್ಪಿಸಬೇಕು: ಪತ್ರ ಬರಹಗಾರರು, ವಕೀಲರು, ಬ್ರೋಕರ್ ಕಡೆಯವರು ಮತ್ತು ಸ್ವಂತ ಓಡಾಟದ ಹೋಲಿಕೆ

ಕರ್ನಾಟಕದಲ್ಲಿ ಮನೆ ಕೊಳ್ಳುವವರು ವಕೀಲರನ್ನು ಹುಡುಕುತ್ತಾರೆ, ಅವರಿಗೆ ಸಾಲ ಕೊಡುವ ಬ್ಯಾಂಕು ತನ್ನ ಪ್ಯಾನೆಲ್ ವಕೀಲರಿಂದ ಅಭಿಪ್ರಾಯ ತರಿಸಿಕೊಳ್ಳುತ್ತದೆ, ಆದರೆ ಮಾರುವವರು ಮಾತ್ರ ಸಾಮಾನ್ಯವಾಗಿ ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ‘ದುಡ್ಡು ಕೈಗೆ ಬಂದ ಮೇಲೆ ಸಹಿ ಹಾಕಿಕೊಡುವುದಷ್ಟೇ ನಮ್ಮ ಕೆಲಸ, ಪತ್ರದ ಖರ್ಚು, ಓಡಾಟ ಎಲ್ಲ ಅವರದ್ದು’ ಎಂಬ ಮಾತು ಎಲ್ಲ ಊರುಗಳಲ್ಲೂ ಕೇಳಿಬರುತ್ತದೆ. ಖರ್ಚಿನ ಮಟ್ಟಿಗೆ ಈ ಮಾತು ಸರಿ. ಬೇರೆ ಒಪ್ಪಂದ ಇಲ್ಲದಿದ್ದರೆ ಕ್ರಯಪತ್ರದ ಮುದ್ರಾಂಕ ಶುಲ್ಕವನ್ನು ಕೊಳ್ಳುವವರೇ ಭರಿಸಬೇಕೆಂದು 1957ರ ಕರ್ನಾಟಕ ಮುದ್ರಾಂಕ ಕಾಯ್ದೆ ಹೇಳುತ್ತದೆ. ಹೊಣೆಯ ಮಟ್ಟಿಗೆ ನೋಡಿದರೆ ಆ ಮಾತು ಸರಿಯಲ್ಲ. ಪತ್ರಕ್ಕೆ ‘ಬರೆದುಕೊಟ್ಟವರು’ ನೀವು. ಅದರಲ್ಲಿರುವ ಪ್ರತಿಯೊಂದು ಭರವಸೆಯೂ ನಿಮ್ಮ ಬಾಯಿಂದ ಬಂದದ್ದೆಂದೇ ಕಾನೂನು ತಿಳಿಯುತ್ತದೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವರ ಮೇಲೆ ಹೊರಿಸಿರುವ ಕರ್ತವ್ಯಗಳ ಪಟ್ಟಿ ಸಣ್ಣದಲ್ಲ. ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ಅವರಿಗೆ ತಿಳಿಯಲಾಗದ ದೋಷ ಆಸ್ತಿಯಲ್ಲಾಗಲಿ ಹಕ್ಕಿನಲ್ಲಾಗಲಿ ಇದ್ದರೆ ಅದನ್ನು ಮುಂಚೆಯೇ ತಿಳಿಸಬೇಕು, ಕೇಳಿದ ದಾಖಲೆಗಳನ್ನು ಪರಿಶೀಲನೆಗೆ ಒದಗಿಸಬೇಕು, ಕ್ರಯದ ದಿನದವರೆಗಿನ ಕಂದಾಯ ಮತ್ತು ಇತರ ಸಾರ್ವಜನಿಕ ಬಾಕಿಗಳನ್ನು ತೀರಿಸಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ತಕರಾರು ಬರುವುದು ಹಣ ಖರ್ಚಾಗಿ ಹೋದ ಎಷ್ಟೋ ವರ್ಷಗಳ ನಂತರ. ಆದ್ದರಿಂದ ಮಾರುವವರಿಗೂ ತಮ್ಮದೇ ಆದ ಒಬ್ಬರು ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಒಬ್ಬರು ಯಾರಾಗಿರಬೇಕು ಎಂಬುದನ್ನು ಶುಲ್ಕ ನೋಡಿ ತೀರ್ಮಾನಿಸುವ ಬದಲು, ಮನೆ ನಿಮ್ಮ ಕೈಗೆ ಹೇಗೆ ಬಂತು ಎಂಬುದನ್ನು ನೋಡಿ ತೀರ್ಮಾನಿಸಬೇಕು.

ಮೊದಲು ನಿಮ್ಮ ಮನೆಯ ಹಕ್ಕಿನ ಸ್ವರೂಪ

ನೀವೇ ದುಡಿದು, ನಿಮ್ಮ ಒಬ್ಬರ ಹೆಸರಿಗೆ ನೋಂದಾಯಿತ ಕ್ರಯಪತ್ರದ ಮೂಲಕ ಕೊಂಡ ಮನೆ, ಸಾಲ ಪೂರ್ತಿ ತೀರಿದೆ, ಇ-ಖಾತೆ (ಸ್ಥಳೀಯ ಸಂಸ್ಥೆಯ ಗಣಕೀಕೃತ ಆಸ್ತಿ ತೆರಿಗೆ ದಾಖಲೆ) ನಿಮ್ಮ ಹೆಸರಿನಲ್ಲಿದೆ, ಋಣಭಾರ ಪ್ರಮಾಣಪತ್ರದಲ್ಲಿ (ಇಸಿ, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ನಿಮ್ಮ ಕ್ರಯದ ನಂತರ ಬೇರೆ ನಮೂದು ಇಲ್ಲ ಎಂದಾದರೆ ನಿಮ್ಮ ಕೆಲಸ ಸರಳ. ಅದನ್ನು ಅನುಭವಿ ಪತ್ರ ಬರಹಗಾರರೊಬ್ಬರು ಚೊಕ್ಕವಾಗಿ ಮಾಡಿಕೊಡಬಲ್ಲರು. ಆದರೆ ಇಷ್ಟು ಸರಳವಾದ ಮನೆಗಳು ಜನ ಭಾವಿಸುವಷ್ಟು ಹೆಚ್ಚಿಲ್ಲ.

ತಂದೆಯ ಕಾಲದ ಮನೆಯನ್ನೇ ತೆಗೆದುಕೊಳ್ಳಿ. ತಂದೆ ತೀರಿಕೊಂಡ ಮೇಲೆ ವಂಶವೃಕ್ಷ ಮಾಡಿಸಿ, ಗಂಡುಮಕ್ಕಳ ಹೆಸರಿಗೆ ಖಾತೆ ಬದಲಾಯಿಸಿಕೊಂಡು, ‘ಖಾತೆ ನಮ್ಮದೇ ಇದೆಯಲ್ಲ’ ಎಂದು ಮಾರಾಟಕ್ಕೆ ಹೊರಡುವವರು ಇಂದಿಗೂ ಇದ್ದಾರೆ. ಖಾತೆ ಎಂಬುದು ತೆರಿಗೆ ಕಟ್ಟುವವರು ಯಾರೆಂದು ಹೇಳುವ ದಾಖಲೆ, ಅದರಿಂದಲೇ ಮಾಲೀಕತ್ವ ಹುಟ್ಟುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕವು 1994ರಲ್ಲೇ ತನ್ನ ತಿದ್ದುಪಡಿಯ ಮೂಲಕ, ಮದುವೆಯಾಗದೆ ಇದ್ದವರಿಗೆ, ಸಮಾನ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಹಕ್ಕನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು, ಮತ್ತು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸ್ಪಷ್ಟಪಡಿಸಿತು. ಅಲ್ಲದೆ ತಂದೆಯ ಸ್ವಯಾರ್ಜಿತ ಮನೆಯಾಗಿದ್ದು ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅದರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಪಾಲಿದೆ. ಮದುವೆಯಾಗಿ ದೂರದ ಊರಿಗೆ ಹೋದ ತಂಗಿ ‘ನನಗೇನೂ ಬೇಡ’ ಎಂದು ಫೋನಿನಲ್ಲಿ ಹೇಳಿದರೆ ಸಾಲದು. ಆಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿರಬೇಕು, ಇಲ್ಲವೇ ಕ್ರಯಪತ್ರಕ್ಕೆ ತಾನೂ ಸಹಿ ಹಾಕಬೇಕು. ಈ ವಿಷಯದಲ್ಲಿ ‘ನಡೆಯುತ್ತದೆ ಬಿಡಿ’ ಎನ್ನುವವರ ಕೈಗೆ ನಿಮ್ಮ ಪತ್ರವನ್ನು ಕೊಡಬೇಡಿ. ಅದರ ಫಲ ನಾಳೆ ಅಣ್ಣ ತಂಗಿಯರ ನಡುವಿನ ದಾವೆಯಾಗಿ ಎದುರಿಗೆ ನಿಲ್ಲುತ್ತದೆ, ಕಾನೂನಿನ ನಷ್ಟದ ಜೊತೆಗೆ ಮನೆತನದ ನಷ್ಟವೂ ಆಗುತ್ತದೆ.

ಇದೇ ಬಗೆಯ ಎಚ್ಚರ ಬೇಕಾದ ಇನ್ನು ಕೆಲವು ಸಂದರ್ಭಗಳಿವೆ. ಕೃಷಿ ಭೂಮಿಯನ್ನು ಪರಿವರ್ತನೆ ಮಾಡಿಸದೆ ಹಂಚಿದ ರೆವಿನ್ಯೂ ನಿವೇಶನದ ಮನೆ, ಗೃಹ ನಿರ್ಮಾಣ ಸಹಕಾರ ಸಂಘದ ನಿವೇಶನ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಿಂದ (ಬಿಡಿಎ) ಲೀಸ್ ಕಮ್ ಸೇಲ್, ಅಂದರೆ ಮೊದಲು ಗುತ್ತಿಗೆ ನಂತರ ಕ್ರಯ ಎಂಬ ಕರಾರಿನ ಮೇಲೆ ಬಂದು ಇನ್ನೂ ಶುದ್ಧ ಕ್ರಯಪತ್ರವಾಗದ ನಿವೇಶನ, ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೂಲಕ ಕೊಂಡ ಮನೆ, ಮೂಲದಲ್ಲಿ ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನಿನ ಮೇಲೆ ಎದ್ದ ಬಡಾವಣೆ. ಜಿಪಿಎ ಮಾರಾಟದಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಹೇಳಿದೆ. ಮಂಜೂರಾದ ಜಮೀನಿನ ಪರಭಾರೆಗೆ 1978ರ ಪಿಟಿಸಿಎಲ್ ಕಾಯ್ದೆಯ ನಿರ್ಬಂಧಗಳಿವೆ. ಇಂಥ ಯಾವುದಾದರೂ ಒಂದು ಎಳೆ ನಿಮ್ಮ ಮೂಲಪತ್ರಗಳಲ್ಲಿ ಇದ್ದರೆ ಮುಂದಿನ ಹೋಲಿಕೆಯಲ್ಲಿ ನೀವು ವಕೀಲರ ಭಾಗವನ್ನಷ್ಟೇ ಓದಿದರೂ ಸಾಕು.

ಪತ್ರ ಬರಹಗಾರರು

ಉಪನೋಂದಣಾಧಿಕಾರಿ ಕಚೇರಿಯ ಸುತ್ತಮುತ್ತ ಸಣ್ಣ ಸಣ್ಣ ಕೋಣೆಗಳಲ್ಲಿ ಕಂಪ್ಯೂಟರ್, ಪ್ರಿಂಟರ್ ಇಟ್ಟುಕೊಂಡು ಕೂರುವ ಪತ್ರ ಬರಹಗಾರರನ್ನು ಕೀಳಾಗಿ ಕಾಣುವುದು ನನಗೆ ಸರಿ ಎನಿಸುವುದಿಲ್ಲ. ನೋಂದಣಿ ಇಲಾಖೆಯಿಂದ ಪರವಾನಗಿ ಪಡೆದು ವರ್ಷಗಟ್ಟಲೆ ಈ ಕೆಲಸ ಮಾಡಿದವರಿಗೆ ಆ ಕಚೇರಿಯ ವ್ಯಾಪ್ತಿಯ ಹಳ್ಳಿಗಳು, ಸರ್ವೆ ನಂಬರುಗಳು, ಬಡಾವಣೆಗಳು ಕರತಲಾಮಲಕ. ಯಾವ ದಾಖಲೆ ಇಲ್ಲದಿದ್ದರೆ ಕಡತ ವಾಪಸು ಬರುತ್ತದೆ, ಮಾರ್ಗಸೂಚಿ ಮೌಲ್ಯದ (ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಬೆಲೆಯ) ಲೆಕ್ಕ ಹೇಗೆ, ಇ-ಖಾತೆಯಲ್ಲಿನ ಅಳತೆಗೂ ಪತ್ರದ ಅಳತೆಗೂ ವ್ಯತ್ಯಾಸ ಬಂದರೆ ಏನು ಮಾಡಬೇಕು ಎಂಬುದನ್ನು ಅವರು ಅನೇಕ ವಕೀಲರಿಗಿಂತ ಬೇಗ ಹೇಳುತ್ತಾರೆ. ಶುಲ್ಕವೂ ಕಡಿಮೆ.

ಅವರ ಮಿತಿ ಇರುವುದು ಬೇರೆ ಕಡೆ. ಅವರ ಕೆಲಸ ಪತ್ರ ಬರೆದು ನೋಂದಣಿಗೆ ಸಿದ್ಧಪಡಿಸುವುದು. ನಿಮ್ಮ ಹಕ್ಕಿನ ಸರಪಣಿಯಲ್ಲಿ ಎಲ್ಲಿ ಕೊಂಡಿ ಕಳಚಿದೆ ಎಂದು ಹುಡುಕುವುದು, ಕೊಳ್ಳುವವರ ವಕೀಲರು ಸೇರಿಸಿದ ಷರತ್ತಿಗೆ ಎದುರು ವಾದಿಸುವುದು ಅವರ ಹೊಣೆಯಲ್ಲ. ಉಪನೋಂದಣಾಧಿಕಾರಿ ಕೂಡ ನಿಮ್ಮ ಮಾಲೀಕತ್ವವನ್ನು ತೀರ್ಪು ಕೊಟ್ಟಂತೆ ಪರಿಶೀಲಿಸುವುದಿಲ್ಲ, ಆದ್ದರಿಂದ ‘ರಿಜಿಸ್ಟರ್ ಆಯಿತಲ್ಲ, ಎಲ್ಲ ಸರಿ ಇದೆ ಎಂದೇ ಅರ್ಥ’ ಎಂದು ತಿಳಿಯಬಾರದು. ಮೇಲಾಗಿ ಪತ್ರ ಬರಹಗಾರರಿಗೆ ಹಣ ಕೊಡುವವರು ಬಹುಮಟ್ಟಿಗೆ ಕೊಳ್ಳುವವರೇ.

ಪತ್ರ ಬರಹಗಾರರನ್ನು ಆರಿಸುವಾಗ ಅವರ ಕೈಬಳಕೆಯನ್ನು ಒಂದು ಹಳೆಯ ಕರಡಿನ ಮೂಲಕ ಪರೀಕ್ಷಿಸಿ ನೋಡುವುದು ಒಳ್ಳೆಯದು. ಷೆಡ್ಯೂಲ್ ಭಾಗವನ್ನು ಓದಿ. ಆಸ್ತಿಯ ಗುರುತಿನ ಸಂಖ್ಯೆ (ನಗರದಲ್ಲಿ ಪಿಐಡಿ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು), ಪೂರ್ವ ಪಶ್ಚಿಮ ಮತ್ತು ಉತ್ತರ ದಕ್ಷಿಣದ ಅಳತೆ, ಕಟ್ಟಡದ ವಿಸ್ತೀರ್ಣ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಇವಿಷ್ಟೂ ಇರಬೇಕು. ಚೆಕ್ಕುಬಂದಿಯಲ್ಲಿ ‘ಪೂರ್ವಕ್ಕೆ: ಖಾಸಗಿ ಆಸ್ತಿ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವವರಿಗಿಂತ, ‘ಪೂರ್ವಕ್ಕೆ: ನಿವೇಶನ ಸಂಖ್ಯೆ 42’ ಎಂದು ಹಿಂದಿನ ಪತ್ರದ ಜೊತೆ ತಾಳೆ ನೋಡಿ ಬರೆಯುವವರು ಎಷ್ಟೋ ಮೇಲು. ಹೆಸರುಗಳನ್ನೂ ಹೀಗೆಯೇ ನೋಡಬೇಕು. ಮೂಲಪತ್ರದಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬೇರೆ ಇದ್ದರೆ, ಇಬ್ಬರೂ ಒಬ್ಬರೇ ಎಂಬುದನ್ನು ಪತ್ರದಲ್ಲೇ ‘ಉರುಫ್’ ಹಾಕಿ ನಮೂದಿಸಿ, ಅದಕ್ಕೆ ಪ್ರಮಾಣಪತ್ರ ಜೋಡಿಸುವವರು ಜಾಣರು. ನೋಂದಣಿಯಾದ ಮೇಲೆ ತಪ್ಪು ಕಂಡರೆ ತಿದ್ದುಪಡಿ ಪತ್ರಕ್ಕಾಗಿ ಎರಡೂ ಕಡೆಯವರು ಮತ್ತೆ ಕಚೇರಿಗೆ ಬರಬೇಕಾಗುತ್ತದೆ, ಆ ಹೊತ್ತಿಗೆ ಮಾರಿದವರು ಯಾವ ಊರಿನಲ್ಲಿರುತ್ತಾರೋ ಹೇಳಲಾಗದು.

ವಕೀಲರು

ವಕೀಲರ ಕೆಲಸ ನಿಜಕ್ಕೂ ಆರಂಭವಾಗಬೇಕಾದ್ದು ಕ್ರಯಪತ್ರಕ್ಕೆ ಮುಂಚೆ, ಅಗ್ರಿಮೆಂಟಿಗೂ (ಮಾರಾಟದ ಕರಾರಿಗೂ) ಮುಂಚೆ. ಮನೆ ಮಾರಾಟಕ್ಕಿದೆ ಎಂದು ಹೇಳುವ ಮೊದಲೇ ನಿಮ್ಮ ಕಾಗದಗಳನ್ನು ಕೊಳ್ಳುವವರ ಕಣ್ಣಿನಿಂದ ಒಮ್ಮೆ ಓದಿಸಿ ನೋಡುವುದು ಮಾರುವವರು ಮಾಡಬಹುದಾದ ಅತ್ಯಂತ ಲಾಭದ ಖರ್ಚು. ಇಸಿಯಲ್ಲಿ ತೀರಿದ ಸಾಲದ ಅಡಮಾನ ಇನ್ನೂ ಹಾಗೆಯೇ ನಿಂತಿದೆ ಎಂಬುದೋ, ಹಿಂದಿನ ಮಾಲೀಕರ ಕಾಲದ ಒಂದು ವಿಭಾಗಪತ್ರ ನೋಂದಣಿಯೇ ಆಗಿಲ್ಲ ಎಂಬುದೋ ಆಗ ತಿಳಿದರೆ ಅದನ್ನು ನಿಧಾನವಾಗಿ ಸರಿಪಡಿಸಬಹುದು. ಮುಂಗಡ ತೆಗೆದುಕೊಂಡು ಮೂರು ತಿಂಗಳ ಗಡುವು ಓಡುತ್ತಿರುವಾಗ ತಿಳಿದರೆ ಬೆಲೆಯಲ್ಲಿ ಚೌಕಾಶಿಗೆ ಅದೇ ಅಸ್ತ್ರವಾಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆನ್‌ಲೈನ್ ಇಸಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನ ಅವಧಿಗೆ, ಅದಕ್ಕಿಂತ ಹಳೆಯದನ್ನು ಕಚೇರಿಯ ಪುಸ್ತಕಗಳಿಂದಲೇ ತೆಗೆಸಬೇಕು. ಹಳೆಯ ಇಸಿಯ ಕೈಬರಹವನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲ ವಕೀಲರೇ ನಿಮಗೆ ಬೇಕಾದವರು.

ಎಲ್ಲ ವಕೀಲರೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ಕ್ರಿಮಿನಲ್ ಪ್ರಕರಣಗಳಲ್ಲಿ ಹೆಸರು ಮಾಡಿದ ಪರಿಚಯಸ್ಥರಿಗಿಂತ, ದಿನವೂ ಆಸ್ತಿ ದಾಖಲೆ ಓದುವ, ಹೆಸರೇ ಕೇಳಿರದ ವಕೀಲರು ಉತ್ತಮ. ಸಿವಿಲ್ ನ್ಯಾಯಾಲಯದಲ್ಲಿ ವಿಭಾಗದ ದಾವೆಗಳನ್ನು ನಡೆಸಿದ ಅನುಭವವೂ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಯಾವ ವಾಕ್ಯ ಮುಂದೆ ದಾವೆಗೆ ದಾರಿ ಮಾಡುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚ ಬೇಡ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ವಕೀಲರು ಜಾಹೀರಾತು ಕೊಡುವುದನ್ನು ನಿಷೇಧಿಸಿವೆ, ಆದ್ದರಿಂದ ಅಬ್ಬರದ ಪ್ರಚಾರ ಇಲ್ಲದಿರುವುದನ್ನು ಕೊರತೆಯೆಂದು ತಿಳಿಯಬೇಡಿ. ಮೊದಲ ಭೇಟಿಯಲ್ಲಿ ಒಂದು ಪ್ರಶ್ನೆ ಕೇಳಿ: ‘ನನ್ನ ಕಾಗದಗಳಲ್ಲಿ ಕೊಳ್ಳುವವರ ವಕೀಲರು ಮೊದಲು ಯಾವುದರ ಮೇಲೆ ತಕರಾರು ಎತ್ತುತ್ತಾರೆ?’ ದಾಖಲೆ ಓದಿದವರು ನಿರ್ದಿಷ್ಟವಾಗಿ ಉತ್ತರಿಸುತ್ತಾರೆ. ‘ಏನೂ ಇಲ್ಲ, ನಾನು ನೋಡಿಕೊಳ್ಳುತ್ತೇನೆ’ ಎನ್ನುವವರು ಇನ್ನೂ ಓದಿಲ್ಲ.

ಎದುರು ಪಕ್ಷದವರ ವಕೀಲರು, ಬ್ಯಾಂಕಿನ ವಕೀಲರು

‘ಅವರ ಲಾಯರ್ ಹೇಗೂ ಪತ್ರ ಮಾಡುತ್ತಾರೆ, ಇನ್ನೊಬ್ಬರಿಗೆ ಯಾಕೆ ದುಡ್ಡು’ ಎಂಬ ವಾದಕ್ಕೆ ಬಲಿಯಾಗುವವರೇ ಹೆಚ್ಚು. ಕೊಳ್ಳುವವರ ವಕೀಲರು ಎಷ್ಟೇ ಸಜ್ಜನರಾದರೂ ಅವರ ಕರ್ತವ್ಯ ಇರುವುದು ತಮ್ಮ ಕಕ್ಷಿದಾರರಿಗೆ, ಇರಬೇಕಾದ್ದೂ ಹಾಗೆಯೇ. ಬ್ಯಾಂಕಿನ ಪ್ಯಾನೆಲ್ ವಕೀಲರು ನೋಡುವುದು ಸಾಲಕ್ಕೆ ಭದ್ರತೆ ಸಾಕೇ ಎಂಬುದನ್ನು ಮಾತ್ರ, ಅವರ ‘ಕ್ಲಿಯರ್ ಒಪಿನಿಯನ್’ ನಿಮಗೆ ಕೊಟ್ಟ ಪ್ರಮಾಣಪತ್ರವಲ್ಲ. ಎರಡೂ ಕಡೆಗೆ ಒಬ್ಬರೇ ವಕೀಲರು ಎಂಬ ಏರ್ಪಾಡು, ಅಣ್ಣತಮ್ಮಂದಿರ ನಡುವಿನ ಸರಳ ಕ್ರಯದಲ್ಲಿ ಹೊಂದಬಹುದು. ಅಪರಿಚಿತರ ನಡುವಿನ ವ್ಯವಹಾರದಲ್ಲಿ ಅದನ್ನು ನಾನು ಒಪ್ಪುವುದಿಲ್ಲ.

ಕರಡು ಪತ್ರದ ಎರಡು ವಾಕ್ಯಗಳನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಮೊದಲನೆಯದು ಹಣದ ಸ್ವೀಕೃತಿಯ ವಾಕ್ಯ: ‘ಕ್ರಯದ ಪೂರ್ಣ ಮೊಬಲಗು ಈ ದಿನ ನಮಗೆ ಮುಟ್ಟಿರುತ್ತದೆ, ಇನ್ನು ಬರತಕ್ಕ ಬಾಕಿ ಏನೂ ಇರುವುದಿಲ್ಲ.’ ಬಹಳಷ್ಟು ವ್ಯವಹಾರಗಳಲ್ಲಿ ಈ ವಾಕ್ಯಕ್ಕೆ ಸಹಿ ಹಾಕುವ ಹೊತ್ತಿನಲ್ಲಿ ಗೃಹಸಾಲದ ಡಿಡಿ ಇನ್ನೂ ಬ್ಯಾಂಕಿನ ಪ್ರತಿನಿಧಿಯ ಚೀಲದಲ್ಲೇ ಇರುತ್ತದೆ. ಹಣ ಬಾರದೆ ಹೋದರೆ ಪತ್ರ ರದ್ದಾಗುತ್ತದೆ ಎಂದು ಮಾರುವವರು ಭಾವಿಸುತ್ತಾರೆ. ಆದರೆ 2020ರ ದಹಿಬೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕ್ರಯದ ಹಣದಲ್ಲಿ ಒಂದು ಭಾಗ ಬಂದಿಲ್ಲ ಎಂಬ ಕಾರಣಕ್ಕೆ ನೋಂದಾಯಿತ ಕ್ರಯಪತ್ರವನ್ನು ರದ್ದುಪಡಿಸಲಾಗದು, ಬಾಕಿ ಹಣ ವಸೂಲಿಗೆ ಬೇರೆ ಕಾನೂನು ಪರಿಹಾರ ಹುಡುಕಬೇಕು ಎಂದು ಹೇಳಿದೆ. ನಿಮ್ಮದೇ ವಕೀಲರಿದ್ದರೆ ಪ್ರತಿ ಕಂತಿನ ಚೆಕ್ ಅಥವಾ ಆರ್‌ಟಿಜಿಎಸ್ ವಿವರ, ದಿನಾಂಕ, ಬ್ಯಾಂಕ್ ಹೆಸರು ಪತ್ರದಲ್ಲಿ ಬರುವಂತೆ ಮಾಡುತ್ತಾರೆ, ಡಿಡಿಯ ಪ್ರತಿಯನ್ನು ಹಿಂದಿನ ದಿನವೇ ತರಿಸಿ ನೋಡುತ್ತಾರೆ, ಮುಂದಿನ ದಿನಾಂಕದ ಚೆಕ್ಕನ್ನು ನಂಬಿ ಹೆಬ್ಬೆಟ್ಟು ಒತ್ತಲು ಬಿಡುವುದಿಲ್ಲ.

ಎರಡನೆಯದು ನಷ್ಟಭರ್ತಿಯ ವಾಕ್ಯ: ‘ಮುಂದೆ ಯಾರಿಂದಲಾದರೂ ಯಾವುದೇ ರೀತಿಯ ತಂಟೆ ತಕರಾರು ಬಂದಲ್ಲಿ ನಮ್ಮ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇವೆ.’ ಹಕ್ಕಿನ ಬಗ್ಗೆ ಭರವಸೆ ಕೊಡುವುದು ನ್ಯಾಯವೇ. ಆದರೆ ‘ಯಾರಿಂದಲಾದರೂ, ಯಾವುದೇ’ ಎಂಬ ಎರಡು ಪದಗಳು, ಕೊಂಡವರು ಮುಂದೆ ನಿಯಮ ಮೀರಿ ಮಹಡಿ ಕಟ್ಟಿ ತಂದುಕೊಂಡ ತಕರಾರನ್ನೂ ನಿಮ್ಮ ತಲೆಗೆ ಕಟ್ಟಲು ನೋಡುತ್ತವೆ. ‘ನಮ್ಮ ಹಕ್ಕಿನಲ್ಲಿ ಈ ದಿನದವರೆಗೆ ಇರುವ ದೋಷದಿಂದ ಉಂಟಾದ’ ಎಂದು ಅದನ್ನು ಮಿತಿಗೊಳಿಸಿ ಕೊಡಿ ಎಂದು ಕೇಳಲು ನಿಮ್ಮ ಪರವಾಗಿ ಒಬ್ಬರು ಮೇಜಿನ ಈಚೆ ಕುಳಿತಿರಬೇಕು.

ಬ್ರೋಕರ್ ಕರೆತರುವವರು

ಬ್ರೋಕರ್‌ಗಳಲ್ಲಿ ಪ್ರಾಮಾಣಿಕರು ಬಹಳ ಮಂದಿ ಇದ್ದಾರೆ, ಕೊಳ್ಳುವವರನ್ನು ಹುಡುಕಿ ತರುವ ಅವರ ಶ್ರಮಕ್ಕೆ ಕಮಿಷನ್ ಸಲ್ಲಬೇಕು. ಆದರೆ ಅವರ ಕಮಿಷನ್ ವ್ಯವಹಾರ ಮುಗಿದರೆ ಮಾತ್ರ ಬರುತ್ತದೆ. ‘ಈಗ ಬೇಡ, ಮೊದಲು ಈ ದೋಷ ಸರಿಪಡಿಸೋಣ’ ಎಂದು ಹೇಳಬೇಕಾದವರು, ವ್ಯವಹಾರ ಮುಗಿಯಲಿ ಎಂದು ಕಾಯುತ್ತಿರುವವರ ಕಡೆಯವರಾಗಿರಬಾರದು. ‘ಪತ್ರ, ರಿಜಿಸ್ಟ್ರೇಷನ್, ಖಾತೆ ಎಲ್ಲ ಸೇರಿ ಇಷ್ಟು’ ಎಂಬ ಒಟ್ಟು ಪ್ಯಾಕೇಜಿನಲ್ಲಿ ಯಾವ ಕೆಲಸಕ್ಕೆ ಎಷ್ಟು ಎಂಬುದೂ, ಯಾರು ಹೊಣೆ ಎಂಬುದೂ ಕಾಣುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಬ್ರೋಕರ್ ಆಗಲಿ, ಪತ್ರ ಬರಹಗಾರರಾಗಲಿ, ವಕೀಲರೇ ಆಗಲಿ, ಪತ್ರದಲ್ಲಿ ಮಾರ್ಗಸೂಚಿ ಮೌಲ್ಯವನ್ನಷ್ಟೇ ತೋರಿಸಿ ಉಳಿದದ್ದನ್ನು ನಗದಾಗಿ ತೆಗೆದುಕೊಳ್ಳಿ ಎಂದು ಸಲಹೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಪಡೆದಷ್ಟೇ ಮೊತ್ತದ ದಂಡ ಬೀಳುವುದು ಪಡೆದವರ ಮೇಲೆ, ಅಂದರೆ ಮಾರುವವರ ಮೇಲೆ.

ಕಾವೇರಿ ಮೂಲಕ ಸ್ವಂತ ಓಡಾಟ, ಆನ್‌ಲೈನ್ ಸೇವೆಗಳು

2023ರಲ್ಲಿ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ನಾಗರಿಕರು ತಾವೇ ಲಾಗಿನ್ ಆಗಿ ವಿವರ ತುಂಬಿ, ಪತ್ರದ ಕರಡನ್ನು ಅಪ್‌ಲೋಡ್ ಮಾಡಿ, ಉಪನೋಂದಣಾಧಿಕಾರಿಗಳ ಪರಿಶೀಲನೆಯ ನಂತರ ಶುಲ್ಕ ಪಾವತಿಸಿ, ಸಮಯ ಕಾಯ್ದಿರಿಸಿಕೊಂಡು ಫೋಟೋ ಮತ್ತು ಹೆಬ್ಬೆಟ್ಟಿಗೆ ಮಾತ್ರ ಕಚೇರಿಗೆ ಹೋಗುವ ವ್ಯವಸ್ಥೆ ಇದೆ. ಇದು ಒಳ್ಳೆಯ ಸುಧಾರಣೆ. ಆದರೆ ತಂತ್ರಾಂಶ ಸರಳಗೊಳಿಸಿದ್ದು ನೋಂದಣಿಯನ್ನು, ಪತ್ರದೊಳಗಿನ ಷರತ್ತುಗಳನ್ನಲ್ಲ. ಮನೆ ಸರಳ, ಕೊಳ್ಳುವವರು ನೆಂಟರು, ಬ್ಯಾಂಕ್ ಸಾಲವಿಲ್ಲ, ಇ-ಖಾತೆ ಸಿದ್ಧವಿದೆ ಎಂದಾದರೆ ಸ್ವತಃ ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ, ಕರಡನ್ನು ಮಾತ್ರ ಒಬ್ಬ ವಕೀಲರಿಗೆ ತೋರಿಸಿ. 2024ರಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಆದ್ದರಿಂದ ಇ-ಖಾತೆಯಲ್ಲಿನ ಹೆಸರು, ಅಳತೆ ಸರಿಯಿದೆಯೇ ಎಂದು ನೋಡುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಬೇರೆಯವರು ನಿಮ್ಮ ಪರವಾಗಿ ಅರ್ಜಿ ತುಂಬಿದರೂ ಲಾಗಿನ್ ಮೊಬೈಲ್ ಸಂಖ್ಯೆ ವ್ಯವಹಾರದ ಪಕ್ಷಗಾರರದ್ದೇ ಆಗಿರಲಿ, ಒಟಿಪಿ ಮಧ್ಯವರ್ತಿಗೆ ಹೋಗುವಂತಿರಬಾರದು.

ಪತ್ರ ಸಿದ್ಧಪಡಿಸಿಕೊಡುವ ಆನ್‌ಲೈನ್ ಸಂಸ್ಥೆಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕರಡಿಗೆ ಸಹಿ ಹಾಕುವ ವಕೀಲರ ಹೆಸರನ್ನು ಮೊದಲೇ ತಿಳಿಸಿ, ಅವರೊಡನೆ ನೇರ ಮಾತಿಗೆ ಅವಕಾಶ ಕೊಡುವುದಾದರೆ ಪರಿಗಣಿಸಬಹುದು, ಇಲ್ಲವಾದರೆ ಬೇಡ.

ಅಗ್ರಿಮೆಂಟ್ ಮತ್ತು ಸಾಲ

ಮೇಲಿನವರಲ್ಲಿ ಯಾರನ್ನು ಆರಿಸಿದರೂ ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆಯೇ ಆರಿಸಿ. ಬ್ರೋಕರ್ ತಂದ ಅಚ್ಚಾದ ನಮೂನೆಯಲ್ಲಿ ಖಾಲಿ ಜಾಗ ತುಂಬಿ ಮುಂಗಡ ಪಡೆದು, ‘ಕ್ರಯಪತ್ರದ ಹೊತ್ತಿಗೆ ಲಾಯರನ್ನು ನೋಡೋಣ’ ಎನ್ನುವುದು ತಡವಾದ ಎಚ್ಚರ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಕರಾರಿನ ಪಾಲನೆಗೆ ಆದೇಶಿಸುವುದು ನ್ಯಾಯಾಲಯದ ವಿವೇಚನೆಗಷ್ಟೇ ಬಿಟ್ಟ ವಿಷಯವಾಗಿ ಉಳಿದಿಲ್ಲ, ‘ಮುಂಗಡ ವಾಪಸು ಕೊಟ್ಟರೆ ಮುಗಿಯಿತು’ ಎಂಬ ಹಳೆಯ ನಂಬಿಕೆಯನ್ನು ಇನ್ನು ನೆಚ್ಚಿಕೊಳ್ಳಲಾಗದು. ಗಡುವು ಮೀರಿದರೆ ಏನು, ಕೊಳ್ಳುವವರಿಗೆ ಸಾಲ ಮಂಜೂರಾಗದಿದ್ದರೆ ಮುಂಗಡದ ಗತಿ ಏನು ಎಂಬುದು ಅದರಲ್ಲೇ ಇರಬೇಕು. ಕ್ರಯಕ್ಕೆ ಮುಂಚೆ ಬೀಗದ ಕೈ ಕೊಡಬೇಡಿ. ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ತಗಲುತ್ತದೆ, ಸ್ವಾಧೀನ ಹೋದ ಮೇಲೆ ನಿಮ್ಮ ಮಾತಿನ ಬಲವೂ ಕುಗ್ಗುತ್ತದೆ.

ಮನೆಯ ಮೇಲೆ ನಿಮ್ಮದೇ ಸಾಲ ಇದ್ದರೆ, ಎರಡು ಬ್ಯಾಂಕುಗಳ ನಡುವೆ ಓಡಾಡಬಲ್ಲವರನ್ನೇ ಆರಿಸಬೇಕು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಿ ಋಣಭಾರ ತೆಗೆಸಬೇಕು, ತಮ್ಮ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ಈ ಆದೇಶವನ್ನು ತಿಳಿದು, ಅದನ್ನು ಉಲ್ಲೇಖಿಸಿ ಬ್ಯಾಂಕಿಗೆ ಪತ್ರ ಬರೆಯಬಲ್ಲವರಿಂದ ವಾರಗಟ್ಟಲೆ ಸಮಯ ಉಳಿಯುತ್ತದೆ.

ಹೊರದೇಶದಲ್ಲಿ ಇರುವವರಿಗೆ

ಇಂಗ್ಲೆಂಡಿನಲ್ಲಿ ಮನೆ ಮಾರಿದ ಅನುಭವವಿರುವ ಕನ್ನಡಿಗರು ಮೈಸೂರಿನ ಅಥವಾ ಹುಬ್ಬಳ್ಳಿಯ ಮನೆ ಮಾರುವಾಗಲೂ ಅಂಥದ್ದೇ ವ್ಯವಸ್ಥೆಯನ್ನು ನಿರೀಕ್ಷಿಸುತ್ತಾರೆ. ಅಲ್ಲಿ ಮಾರುವವರಿಗೂ ಕೊಳ್ಳುವವರಿಗೂ ಸಾಮಾನ್ಯವಾಗಿ ಪ್ರತ್ಯೇಕವಾಗಿ ಸಾಲಿಸಿಟರ್ (ವಕೀಲರು) ಅಥವಾ ಪರವಾನಗಿ ಪಡೆದ ಕನ್ವೇಯನ್ಸರ್ (ಆಸ್ತಿ ವರ್ಗಾವಣೆಯ ಕೆಲಸ ಮಾಡುವವರು) ಇರುತ್ತಾರೆ, ಹಣ ಅವರ ಕಕ್ಷಿದಾರರ ಖಾತೆಗಳ ಮೂಲಕವೇ ಸಾಗುತ್ತದೆ. ನಮ್ಮಲ್ಲಿ ಹಣ ಕೊಳ್ಳುವವರಿಂದ ಮಾರುವವರಿಗೆ ನೇರವಾಗಿ ಹೋಗುತ್ತದೆ, ನಡುವೆ ಹಿಡಿದಿಟ್ಟುಕೊಳ್ಳುವವರು ಇಲ್ಲ. ‘ಹಣ ನನ್ನ ಖಾತೆಗೆ ಹಾಕಿಸಿ, ನಾನು ಕಳಿಸುತ್ತೇನೆ’ ಎನ್ನುವ ಯಾರನ್ನೂ ಒಪ್ಪಬೇಡಿ.

ಬರಲಾಗದಿದ್ದರೆ ಅಧಿಕಾರ ಪತ್ರ ಬೇಕು. ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲೋ ನೋಟರಿಯ ಎದುರಿನಲ್ಲೋ ಮಾಡಿಸಿ, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ ಮನೆಯ ಮಾರಾಟಕ್ಕೆ ಮಾತ್ರ, ಇಷ್ಟೇ ಅಧಿಕಾರ ಎಂದು ಬರೆಯುವ ವಕೀಲರು ಬೇಕು, ಎಲ್ಲ ಆಸ್ತಿಗೂ ಅನ್ವಯಿಸುವ ಸಾರಾಸಗಟು ಜಿಪಿಎ ಬೇಡ. ತೆರಿಗೆಯ ಲೆಕ್ಕವೂ ಬೇರೆ. ಮಾರುವವರು ನಿವಾಸಿಯಾಗಿದ್ದರೆ 50 ಲಕ್ಷ ಅಥವಾ ಹೆಚ್ಚಿನ ಕ್ರಯಕ್ಕೆ ಶೇ 1ರಷ್ಟು ಟಿಡಿಎಸ್, ಅಂದರೆ ಕೊಳ್ಳುವವರು ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಅನಿವಾಸಿಯಾಗಿದ್ದರೆ ಆ ಮಿತಿಯೂ ಇಲ್ಲ, ಆ ದರವೂ ಇಲ್ಲ. ದೀರ್ಘಾವಧಿ ಲಾಭದ ಮೇಲೆ ಶೇ 12.5, ಜೊತೆಗೆ ಸರ್‌ಚಾರ್ಜ್ ಮತ್ತು ಸೆಸ್. ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತರದಿದ್ದರೆ ಕೊಳ್ಳುವವರು ಪೂರ್ತಿ ಕ್ರಯದ ಮೇಲೆ ಕಡಿತ ಮಾಡಿಬಿಡುವುದೇ ರೂಢಿ. ಈ ಭಾಗವನ್ನು ಚಾರ್ಟರ್ಡ್ ಅಕೌಂಟೆಂಟ್‌ಗೆ ಬಿಡಬೇಕು, ‘ಮೊದಲು ಸಿಎ ಹತ್ತಿರ ಹೋಗಿ ಬನ್ನಿ’ ಎಂದು ತಾವಾಗಿಯೇ ಹೇಳುವ ವಕೀಲರ ಮೇಲೆ ನನಗೆ ಹೆಚ್ಚು ನಂಬಿಕೆ.

ಶುಲ್ಕ, ಮೂಲಪತ್ರ, ಕೆಲಸದ ಕೊನೆ

ಕ್ರಯದ ಮೊತ್ತದ ಮೇಲೆ ಶೇಕಡಾವಾರು ಶುಲ್ಕ ಕೇಳುವವರಿಗಿಂತ ಕೆಲಸ ನೋಡಿ ನಿಗದಿತ ಮೊತ್ತ ಹೇಳುವವರು ಮೇಲು. 40 ಲಕ್ಷದ ಮನೆಗೂ 90 ಲಕ್ಷದ ಮನೆಗೂ ಓದಬೇಕಾದ ಕಾಗದಗಳು ಬಹುಮಟ್ಟಿಗೆ ಒಂದೇ, ಹಳೆಯ ಪಿತ್ರಾರ್ಜಿತ ಮನೆಗೆ ಮಾತ್ರ ಹೆಚ್ಚು ಶ್ರಮ. ದಾಖಲೆ ಪರಿಶೀಲನೆ, ಅಗ್ರಿಮೆಂಟ್, ಕ್ರಯಪತ್ರದ ಕರಡಿನ ಪರಿಷ್ಕರಣೆ, ನೋಂದಣಿ ದಿನದ ಹಾಜರಿ ಇವುಗಳಿಗೆ ಬೇರೆ ಬೇರೆಯಾಗಿ ಎಷ್ಟು ಎಂದು ಬರೆಸಿಕೊಳ್ಳಿ, ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ‘ಆಫೀಸ್ ಖರ್ಚು’ ಎಂಬ ಹೆಸರಿನಲ್ಲಿ ರಸೀದಿಯಿಲ್ಲದ ಮೊತ್ತ ಸೇರಿಸುವವರನ್ನು ಬಿಡಿ.

ಪರಿಶೀಲನೆಗೆ ಜೆರಾಕ್ಸ್ ಪ್ರತಿಗಳನ್ನೇ ಕೊಡಿ. ಮೂಲಪತ್ರ ನೋಡಲೇಬೇಕೆಂದರೆ ನಿಮ್ಮ ಎದುರಿನಲ್ಲಿ ನೋಡಲಿ, ಅನಿವಾರ್ಯವಾಗಿ ಬಿಟ್ಟು ಬರಬೇಕಾದರೆ ಪ್ರತಿ ದಾಖಲೆಯ ಸಂಖ್ಯೆ, ದಿನಾಂಕ, ಪುಟ ಬರೆದ ಸ್ವೀಕೃತಿ ಪಡೆಯಿರಿ. ಕಳೆದುಹೋದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ, ದೃಢೀಕೃತ ನಕಲು ಎಂದು ಅಲೆದಾಡಬೇಕಾಗುತ್ತದೆ, ಅದಾದ ಮೇಲೂ ಕೊಳ್ಳುವವರ ಮನಸ್ಸಿನ ಅನುಮಾನ ಹೋಗುವುದಿಲ್ಲ.

ನೋಂದಣಿ ಮುಗಿದ ಮೇಲಿನ ಕೆಲಸಗಳನ್ನೂ ಕರಾರಿನಲ್ಲೇ ಹೇಳಿಬಿಡಬೇಕು. ಮೂಲಪತ್ರಗಳನ್ನು ಹಸ್ತಾಂತರಿಸಿದ್ದಕ್ಕೆ ಕೊಳ್ಳುವವರ ಸಹಿ, ನಿಮಗೊಂದು ದೃಢೀಕೃತ ಪ್ರತಿ, ವಿದ್ಯುತ್ ಆರ್‌ಆರ್ ಸಂಖ್ಯೆ ಮತ್ತು ನೀರಿನ ಸಂಪರ್ಕದ ಹೆಸರು ಬದಲಾವಣೆ, ಠೇವಣಿಯ ಲೆಕ್ಕ, ಅಪಾರ್ಟ್‌ಮೆಂಟ್ ಆಗಿದ್ದರೆ ಸಂಘಕ್ಕೆ ತಿಳುವಳಿಕೆ, ಟಿಡಿಎಸ್ ಪ್ರಮಾಣಪತ್ರ, ಖಾತೆ ಕೊಂಡವರ ಹೆಸರಿಗೆ ಹೋಗಿದೆಯೇ ಎಂಬ ಖಾತರಿ. ನೋಂದಣಿಯ ದಿನವೇ ಪೂರ್ತಿ ಶುಲ್ಕ ಕೇಳದೆ, ಒಂದು ಭಾಗವನ್ನು ಈ ಕೆಲಸಗಳು ಮುಗಿದ ಮೇಲೆ ಪಡೆಯಲು ಒಪ್ಪುವವರು ಸಿಕ್ಕರೆ ಅವರನ್ನೇ ನಿಶ್ಚಯಿಸಿಕೊಳ್ಳಿ.